ಸಮವಸ್ತ್ರದೊಳಗಿನ ಜಾತಿ: ‘ಕೋರ್ಟ್ ಮಾರ್ಷಲ್’ ನಾಟಕದ ಮರುಓದು

ದಬ್ಬಾಳಿಕೆ ಮಾಡುವ ಮೇಲಧಿಕಾರಿಗೆ ಎದುರು ನಿಂತ ಸೈನಿಕನ ಕಥೆಯನ್ನು ನಂಬುವಂತೆ ಬರೆಯುವುದು ಕಷ್ಟ. ಬೇರೆ ನೌಕರನಾದರೆ ರಾಜೀನಾಮೆ ಕೊಟ್ಟು ಹೊರಬರಬಹುದು. ಸಿಪಾಯಿಗೆ ಆ ದಾರಿಯಿಲ್ಲ. ಆಜ್ಞೆ ಮೀರುವುದೇ ಅಪರಾಧವಾಗಿರುವ ಕಡೆ ಅವನು ನ್ಯಾಯವನ್ನು ಎಲ್ಲಿ ಕೇಳಬೇಕು? ಸ್ವದೇಶ್ ದೀಪಕ್ ಅವರ ಹಿಂದಿ ನಾಟಕ ‘ಕೋರ್ಟ್ ಮಾರ್ಷಲ್’ ಈ ಪ್ರಶ್ನೆಯನ್ನು ಅಳುಕದೆ ಎತ್ತಿಕೊಂಡಿದೆ.

ಸವಾರ ರಾಮಚಂದರ್ ಕಾವಲಿನ ಹೊತ್ತಿನಲ್ಲಿ ಇಬ್ಬರು ಕ್ಯಾಪ್ಟನ್‌ಗಳ ಮೇಲೆ ಗುಂಡು ಹಾರಿಸಿದ್ದಾನೆ. ವರ್ಮಾ ಸತ್ತಿದ್ದಾನೆ, ಕಪೂರ್ ಗಾಯಗೊಂಡು ಉಳಿದಿದ್ದಾನೆ. ಆರೋಪಿ ತಪ್ಪೊಪ್ಪಿಕೊಂಡಾಗಿದೆ. ಹಾಗಿದ್ದೂ ಪ್ರತಿವಾದಿ ವಕೀಲ ಕ್ಯಾಪ್ಟನ್ ಬಿಕಾಶ್ ರಾಯ್ ‘ಕೊಂದವರು ಯಾರು’ ಎಂಬುದನ್ನು ಬಿಟ್ಟು ‘ಏಕೆ’ ಎಂದು ಕೆದಕುತ್ತಾನೆ. ಕಪೂರ್ ಈ ದಲಿತ ಯುವಕನನ್ನು ಮನೆಗೆಲಸಕ್ಕೆ ಹಚ್ಚಿ, ಜಾತಿಯೆತ್ತಿ ಬೈದು, ದಿನದಿನವೂ ಅವಮಾನಿಸಿದ್ದು ಒಂದೊಂದೇ ಸಾಕ್ಷಿಯ ಬಾಯಿಂದ ಹೊರಬರುತ್ತದೆ.

ಕಾನೂನಿನಲ್ಲಿ ಇದಕ್ಕೆ ಪರಿಹಾರವೇ ಇಲ್ಲವೆಂದಲ್ಲ. 1950ರ ಸೇನಾ ಕಾಯ್ದೆಯ 26ನೆಯ ಕಲಮು ಅನ್ಯಾಯವಾಯಿತೆಂದು ದೂರುವ ಹಕ್ಕನ್ನು ಸೈನಿಕನಿಗೆ ಕೊಟ್ಟಿದೆ. ಕೈಕೆಳಗಿನವರನ್ನು ಹಿಂಸಿಸುವುದು 47ನೆಯ ಕಲಮಿನಡಿ ಏಳು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಆದರೆ ದೂರು ಹೋಗಬೇಕಾದದ್ದು ಅಧಿಕಾರಿಗಳ ಮೂಲಕವೇ. ಹಕ್ಕು ಪುಸ್ತಕದಲ್ಲಿದ್ದೂ ಬಾಯಿ ಕಟ್ಟಿಹೋಗುವ ಈ ಸ್ಥಿತಿಯೇ ನಾಟಕದ ನಿಜವಾದ ವಸ್ತು.

ದಬ್ಬಾಳಿಕೆಯ ಬೇರು ಪದವಿಗಿಂತ ಆಳದಲ್ಲಿದೆ ಎಂದು ಕಂಡುಕೊಂಡದ್ದು ದೀಪಕ್ ಅವರ ದೊಡ್ಡ ಸಾಧನೆ. ವಡೋದರಾದಲ್ಲಿ ಕುಳಿತು ಓದುವವರಿಗೆ ಇದು ಇನ್ನಷ್ಟು ತಟ್ಟುತ್ತದೆ. ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ ಕೊಲಂಬಿಯಾದಲ್ಲಿ ಓದಿದ ಅಂಬೇಡ್ಕರ್, ಮಹಾರಾಜರ ಸೇನಾ ಕಾರ್ಯದರ್ಶಿಯಾಗಲು 1917ರಲ್ಲಿ ಬಂದದ್ದು ಇದೇ ಊರಿಗೆ. ಕಚೇರಿಯ ಜವಾನರು ಅವರ ಮೇಜಿಗೆ ಕಡತಗಳನ್ನು ದೂರದಿಂದ ಎಸೆದರು. ತಂಗಿದ್ದ ಪಾರಸಿ ಛತ್ರದಿಂದ ಕೋಲು ಹಿಡಿದವರು ಹೊರಹಾಕಿದರು. ಊರಿನ ಸಯಾಜಿಬಾಗಿನಲ್ಲಿರುವ ಸಂಕಲ್ಪ ಭೂಮಿ ಆ ನೋವಿನ ನೆನಪು. ಅಂಬೇಡ್ಕರರನ್ನು ಕಚೇರಿಯಲ್ಲಿ ಅವಮಾನಿಸಿದವರು ಕೈಕೆಳಗಿನವರು, ನಾಟಕದಲ್ಲಿ ಅವಮಾನಿಸುವವನು ಮೇಲಿನವನು. ಪದವಿ ತಿರುವುಮುರುವಾದರೂ ಜಾತಿಯ ಕೆಲಸ ಒಂದೇ.

ಹರ್ಮನ್ ವೌಕ್ ಅವರ ‘ದಿ ಕೇನ್ ಮ್ಯೂಟಿನಿ’ (1951) ಕಾದಂಬರಿಯಲ್ಲಿ ನಾವಿಕರು ಎದುರಿಸುವುದು ಒಬ್ಬ ಕ್ಯಾಪ್ಟನ್ನನ ಕದಡಿದ ಮನಸ್ಸನ್ನು. ‘ಎ ಫ್ಯೂ ಗುಡ್ ಮೆನ್’ ಚಿತ್ರದಲ್ಲೂ (1992) ಅದರ ನೆರಳಿರುವ ನಮ್ಮ ‘ಶೌರ್ಯ’ದಲ್ಲೂ (2008) ಅಹಂಕಾರಿ ಅಧಿಕಾರಿ ಕಟಕಟೆಯಲ್ಲಿ ಸಿಡಿದು ತಾನೇ ಬಯಲಾಗುತ್ತಾನೆ. ಅವೆಲ್ಲ ಒಬ್ಬ ವ್ಯಕ್ತಿಯ ದೋಷದ ಸುತ್ತ ಸುತ್ತುತ್ತವೆ. ‘ಕೋರ್ಟ್ ಮಾರ್ಷಲ್’ ಸಮಾಜದ ಕೊಳೆ ಸಮವಸ್ತ್ರದೊಳಕ್ಕೆ ಹೇಗೆ ನುಸುಳುತ್ತದೆಂದು ತೋರಿಸುತ್ತದೆ. ಅದಕ್ಕೇ ಅದು ನನಗೆ ಅವುಗಳಿಗಿಂತ ದೊಡ್ಡ ಕೃತಿ.

ಆದರೂ ಎರಡು ಆಕ್ಷೇಪಗಳಿವೆ. ಮೊದಲನೆಯದು ರಾಮಚಂದರನ ಮೌನ. ನೋವು ಅವನದು, ಮಾತು ಬಿಕಾಶ್ ರಾಯ್‌ನದು. ಬಾಯಿ ಕಟ್ಟಿದವನನ್ನು ಆರಂಭದಲ್ಲಿ ಮೌನವಾಗಿ ನಿಲ್ಲಿಸಿದ್ದು ಸರಿ. ಆದರೆ ಸತ್ಯ ಬಯಲಾಗುವಾಗಲೂ ನಾಟಕದ ಅತಿ ಚೂಪಾದ ಮಾತುಗಳು ಅಧಿಕಾರಿಗಳ ಪಾಲಾಗುವುದು ಸರಿಯಲ್ಲ. ದಲಿತನ ಬಿಡುಗಡೆಗೆ ಮೇಲಿನ ಸಜ್ಜನನೊಬ್ಬ ಬೇಕೆಂಬ ಭಾವನೆ ಇದರಿಂದ ಗಟ್ಟಿಯಾಗುತ್ತದೆ. ಎರಡನೆಯದು ಕೊನೆ. ಕಪೂರ್ ತನಗೆ ತಾನೇ ಗುಂಡು ಹೊಡೆದುಕೊಂಡಾಗ ಪ್ರೇಕ್ಷಕರ ಸಿಟ್ಟು ತಣಿಯುತ್ತದೆ. ಆದರೆ ಅವನ ನಡತೆಯನ್ನು ಕಂಡೂ ಸುಮ್ಮನಿದ್ದ ವ್ಯವಸ್ಥೆ ಉತ್ತರ ಕೊಡದೆ ಪಾರಾಗುತ್ತದೆ. ಆ ಗುಂಡಿನ ಸದ್ದು ನಾಟಕ ಅಲ್ಲಿಯವರೆಗೆ ಕಟ್ಟಿದ ವಾದವನ್ನು ಸಡಿಲಗೊಳಿಸಿದೆ.

ಈ ಕೊರತೆಗಳ ನಡುವೆಯೂ ಭಾರತೀಯ ಸೇನಾ ಜೀವನದ ಮೇಲೆ ಬಂದ ನಾಟಕಗಳಲ್ಲಿ ಇದನ್ನು ಮೊದಲ ಸಾಲಿನಲ್ಲೇ ಇಡಬೇಕು. ಕಾರ್ಯಪ್ಪ, ತಿಮ್ಮಯ್ಯ ಅವರಂಥ ದಂಡನಾಯಕರನ್ನು ಕೊಟ್ಟ ನಾಡು ನಮ್ಮದು. ಹೆಸರಿಲ್ಲದ ಸಿಪಾಯಿಗಳನ್ನೂ ಅಷ್ಟೇ ಧಾರಾಳವಾಗಿ ಕೊಟ್ಟಿದೆ. ಬ್ಯಾರಕ್ಕಿನ ಬದುಕನ್ನು ಒಳಗಿನಿಂದ ಬಲ್ಲ ನಿವೃತ್ತ ಸೈನಿಕರು ನಮ್ಮ ಹಳ್ಳಿಹಳ್ಳಿಯಲ್ಲಿದ್ದಾರೆ. ಕನ್ನಡದ ನಾಟಕಕಾರರು ಅವರ ಮಾತಿಗೆ ಕಿವಿಗೊಡಲಿ. ರಾಮಚಂದರ್ ತನ್ನ ವಾದವನ್ನು ತಾನೇ ಮಂಡಿಸುವ ನಾಟಕ ಕನ್ನಡದಲ್ಲಿ ಬರಲಿ.