ಕೊಂಡಾಜಿಯಿಂದ ಚಿಟ್ಟಿಯವರೆಗೆ: ಯಂತ್ರಮಾನವನೊಳಗಿನ ಪಾತ್ರನಟ

ಹೊಸೂರು ಸೀಮೆಯ ಬಾಗಲೂರಿನಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಬಳಕೆಯ ಮಾತುಗಳು. ಅಲ್ಲಿಂದ ನೋಡಿದರೆ ರಜನೀಕಾಂತರು ಒಂದೇ ಚಿತ್ರರಂಗಕ್ಕೆ ಸಂದ ನಟರಾಗಿ ಕಾಣುವುದಿಲ್ಲ. ಅವರು ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿ, ಮನೆಮಾತು ಮರಾಠಿ, ಪೂರ್ವಿಕರ ಊರೆಂದು ಹೇಳಲಾಗುವ ನಾಚ್ಚಿಕುಪ್ಪಂ ಇದೇ ಕೃಷ್ಣಗಿರಿ ಜಿಲ್ಲೆಯದು, ಕೀರ್ತಿ ತಂದದ್ದು ತಮಿಳು. 2010ರಲ್ಲಿ ತೆರೆಕಂಡ ಶಂಕರ್ ನಿರ್ದೇಶನದ 'ಎಂದಿರನ್' ಚಿತ್ರದಲ್ಲಿ ಅವರು ಅಭಿನಯಿಸಿದ ಚಿಟ್ಟಿ ಎಂಬ ಯಂತ್ರಮಾನವ ಭಾರತೀಯ ವೈಜ್ಞಾನಿಕ ಕಥಾಚಿತ್ರಗಳ ಅತ್ಯಂತ ಜನಪ್ರಿಯ ಪಾತ್ರಗಳಲ್ಲಿ ಒಂದು. ಆ ಜನಪ್ರಿಯತೆಗೆ ತಾರಾಮೌಲ್ಯ, ತಂತ್ರಜ್ಞಾನಗಳನ್ನಷ್ಟೇ ಕಾರಣವಾಗಿ ಮುಂದಿಟ್ಟಾಗ ನಟನೆಯ ಪ್ರಶ್ನೆ ಬದಿಗೆ ಸರಿಯುತ್ತದೆ.

ಈ ನಟನೆಯ ಬೇರು 1970ರ ದಶಕದಲ್ಲಿದೆ. ಪುಟ್ಟಣ್ಣ ಕಣಗಾಲರ 'ಕಥಾ ಸಂಗಮ'ದ (1976) 'ಮುನಿತಾಯಿ' ಭಾಗದಲ್ಲಿ ರಜನೀಕಾಂತರು ಅಂಧ ಹೆಣ್ಣಿನ ಅಸಹಾಯಕತೆಯನ್ನು ದುರುಪಯೋಗ ಮಾಡಿಕೊಳ್ಳುವ ಕೊಂಡಾಜಿ. ಮರುವರ್ಷದ ತಮಿಳು ಚಿತ್ರ 'ಪದಿನಾರು ವಯದಿನಿಲೆ'ಯಲ್ಲಿ ಪುಂಡ ಪರಟ್ಟೈ. ನಾಯಕನಿಗೆ ದೊರೆಯುವ ಪ್ರೇಕ್ಷಕರ ಅನುಕಂಪ ಇಂಥ ಪಾತ್ರಗಳಿಗಿಲ್ಲ. ದೊರೆತ ಅಲ್ಪಾವಕಾಶದಲ್ಲಿ ನೋಟ, ನಗೆ, ನಡಿಗೆಗಳಿಂದಲೇ ಕೇಡನ್ನು ಮೂಡಿಸಬೇಕು. ಮುಂದೆ ಅವರು ನಾಯಕರಾದಾಗ ಖಳನ ಚಲನೆಗಳು 'ಸ್ಟೈಲ್' ಆಗಿ ಉಳಿದವು. ಕೇಡು ಬಹುಮಟ್ಟಿಗೆ ಹೊರಗುಳಿಯಿತು.

ಆ ಕೇಡನ್ನು ಮರಳಿ ಒಳಗೆ ಕರೆದದ್ದು ವೈಜ್ಞಾನಿಕ ಕಥನ. ನಾಯಕನೆನಿಸಿದ ವಿಜ್ಞಾನಿ ವಸೀಗರನ್ ಇಲ್ಲಿ ಸಪ್ಪೆ ಮನುಷ್ಯ. ಅವನು ರೂಪಿಸಿದ ಚಿಟ್ಟಿ ಮೊದಲಿಗೆ ಆಜ್ಞೆಯನ್ನು ಬಲ್ಲುದೇ ಹೊರತು ಲಜ್ಜೆಯನ್ನಲ್ಲ. ಬೆಂಕಿಯಿಂದ ಸ್ನಾನದಲ್ಲಿದ್ದ ಹುಡುಗಿಯನ್ನು ಹಾಗೆಯೇ ಹೊತ್ತು ತರುತ್ತದೆ. ಅವಮಾನದಿಂದ ಓಡಿದ ಆಕೆ ವಾಹನಕ್ಕೆ ಸಿಲುಕಿ ಸಾಯುತ್ತಾಳೆ. ಈ ಹಂತದ ಬಿಗಿದ ಮೈ, ಏರಿಳಿತವಿಲ್ಲದ ದನಿ, ಕೆಂಪು ಚಿಪ್ ಸೇರಿದೊಡನೆ ಕರಗುತ್ತವೆ. ತನ್ನ ಪ್ರತಿರೂಪಗಳ ಸಾಲಿನಲ್ಲಿ ಅಡಗಿದ ವಸೀಗರನನ್ನು ಅದು ಕುರಿಯಂತೆ ಅರಚಿ ಅಣಕಿಸುವಾಗ ಹಳೆಯ ಖಳನ ಉಲ್ಲಾಸ ಮರಳಿ ಬರುತ್ತದೆ. ನೂರಾರು ಯಂತ್ರಗಳು ಸರ್ಪವಾಗಿ, ಗೋಳವಾಗಿ ಜೋಡಿಗೊಳ್ಳುವ ದೃಶ್ಯಗಳು ಬೆರಗು ತರುತ್ತವೆ. ಮನಸ್ಸಿನಲ್ಲಿ ನಿಲ್ಲುವುದು ಆ ಅಣಕದ ದನಿ. ಯಂತ್ರವೆಂಬ ನೆಪ ತಾರೆಯನ್ನು ಮತ್ತೆ ಪಾತ್ರನಟನನ್ನಾಗಿಸಿತು.

ಇದಕ್ಕೆ ವಿಲೋಮ ಸಾಕ್ಷ್ಯ 2018ರ '2.0'. ಅಲ್ಲಿ ಪ್ರತಿನಾಯಕನ ಹೊಣೆ ಅಕ್ಷಯ್ ಕುಮಾರರ ಪಕ್ಷಿರಾಜನ್‌ಗೆ ಸಂದಿದೆ. ಕೆಂಪು ಚಿಪ್ ಮರಳಿದರೂ ಅದು ಲೋಕರಕ್ಷಣೆಯ ಸೇವೆಯಲ್ಲಿದೆ. ದೃಶ್ಯವೈಭವ ಹಿಗ್ಗಿದಷ್ಟೂ ಪಾತ್ರ ಕುಗ್ಗಿದೆ. ತಾರೆಯೂ ತಂತ್ರವೂ ಇದ್ದು ಚಿಟ್ಟಿ ಮಂಕಾಗುವುದಾದರೆ ಅವೆರಡೇ ಅದರ ಜನಪ್ರಿಯತೆಯ ಕಾರಣಗಳಾಗಿರಲಾರವು.

ಕನ್ನಡದ ಅಭಿಮಾನ ಬೆಂಗಳೂರಿನ ಬಸ್ ಕಂಡಕ್ಟರನ ಕಥೆಯಲ್ಲಿ ತೃಪ್ತಿಪಟ್ಟರೆ, ತಮಿಳಿನ ಆರಾಧನೆ ಸೂಪರ್‌ಸ್ಟಾರ್‌ನಿಂದ ಆರಂಭವಾದರೆ, ಕೊಂಡಾಜಿಯಿಂದ ಚಿಟ್ಟಿಯವರೆಗಿನ ನಟನೆಯ ದಾರಿ ಎರಡರಿಂದಲೂ ಜಾರಿಹೋಗುತ್ತದೆ. ಚಿತ್ರದ ಸಂಭಾಷಣೆಯಲ್ಲಿ ಪಾಲುಳ್ಳ ತಮಿಳು ಲೇಖಕ ಸುಜಾತಾ ಕೂಡ ಬೆಂಗಳೂರಿನ ಬಿಇಎಲ್‌ನಲ್ಲಿ ಎಂಜಿನಿಯರಾಗಿದ್ದವರು ಎಂಬುದೂ ಈ ದಾರಿಯ ಬದಿಯ ಸಂಗತಿಯೇ. ಗಡಿನಾಡಿನ ದ್ವಿಭಾಷಿಕತೆಯನ್ನು ಕೊರತೆಯೆಂದೋ ಸಮಸ್ಯೆಯೆಂದೋ ಎಣಿಸುವುದುಂಟು. ಚಿಟ್ಟಿಯಂಥ ಪಾತ್ರವನ್ನು ಇಡಿಯಾಗಿ ಓದಲು ಬೇಕಾದ ಅರ್ಹತೆ ಅದೇ. ಅಂಥ ಓದು ಬಾಗಲೂರಿನಲ್ಲಿ ಸಾಧ್ಯ. ಅದನ್ನು ಬರೆಹಕ್ಕೆ ಇಳಿಸುವುದು ಗಡಿನಾಡಿನ ವಿಮರ್ಶೆಯ ಮುಂದಿರುವ ಕೆಲಸ.