ಪರಿಮಾಣವಿಲ್ಲದ ಸಂಕಲ್ಪ

2015ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ ಸುಸ್ಥಿರ ಅಭಿವೃದ್ಧಿಯ ಸಂಕಲ್ಪಪತ್ರದಲ್ಲಿ 17 ಗುರಿಗಳೂ 169 ಉಪಗುರಿಗಳೂ ಇವೆ. 2030ರೊಳಗೆ ಇವು ಈಡೇರಬೇಕು, ಯಾರೊಬ್ಬರೂ ಹಿಂದುಳಿಯಬಾರದು ಎಂಬುದು ಅದರ ಪ್ರತಿಜ್ಞೆ. ಏಷ್ಯಾ ಮತ್ತು ಪೆಸಿಫಿಕ್ ರಾಷ್ಟ್ರಗಳ ಪ್ರಗತಿಯನ್ನು ಬ್ಯಾಂಕಾಕಿನಲ್ಲಿರುವ ಪ್ರಾದೇಶಿಕ ಆಯೋಗವು ಅಳೆಯುತ್ತ ಬಂದಿದೆ. ಆಶಯವು ಉದಾತ್ತವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಣುವ್ರತಗಳ ಪರಿಚಯವುಳ್ಳ ಶ್ರಾವಕನಿಗೆ ಅದರಲ್ಲೊಂದು ಕೊರತೆ ಕಾಣದೆ ಇರದು.

12ನೆಯ ಗುರಿಯು ಉತ್ಪಾದನೆ ಹಾಗೂ ಉಪಭೋಗಗಳನ್ನು ಕುರಿತದ್ದು. ಅಂಗಡಿಗಳಲ್ಲೂ ಮನೆಗಳಲ್ಲೂ ಪೋಲಾಗುವ ಆಹಾರವನ್ನು ಅರ್ಧಕ್ಕಿಳಿಸಬೇಕೆಂದು ಅದು ಸ್ಪಷ್ಟವಾಗಿಯೇ ಹೇಳುತ್ತದೆ. ಒಟ್ಟು ಕಸದ ವಿಷಯಕ್ಕೆ ಬಂದಾಗ ಮಾತ್ರ 'ಗಣನೀಯವಾಗಿ' ತಗ್ಗಿಸಬೇಕೆಂದು ಹೇಳಿ ಸುಮ್ಮನಾಗುತ್ತದೆ. ಎಷ್ಟು ತಗ್ಗಿಸಬೇಕು, ಯಾರು ತಗ್ಗಿಸಬೇಕು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ.

ಈ ಅಸ್ಪಷ್ಟತೆಯ ಫಲವನ್ನು ಕಾಣಲು ಬ್ಯಾಂಕಾಕಿಗೆ ಹೋಗಬೇಕಾಗಿಲ್ಲ. ಮಂಗಳೂರು 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾಯಿತು. ನಗರದ ಕಸವು ವಾಮಂಜೂರಿನ ಬಳಿಯ ಪಚ್ಚನಾಡಿಯಲ್ಲಿ ವರ್ಷಗಟ್ಟಲೆ ಗುಡ್ಡೆಯಾಗಿ ಬಿದ್ದಿತ್ತು. 2019ರ ಆಗಸ್ಟಿನ ಮಳೆಗೆ ಆ ರಾಶಿಯು ಕುಸಿದು ತಗ್ಗಿನಲ್ಲಿದ್ದ ಮಂದಾರದ ಮೇಲೆ ಜಾರಿತು. ಮನೆಗಳೂ ಅಡಿಕೆ ತೆಂಗಿನ ತೋಟಗಳೂ ಅದರಡಿ ಹೂತುಹೋದವು. ಹಲವು ಕುಟುಂಬಗಳು ಹುಟ್ಟಿ ಬೆಳೆದ ನೆಲವನ್ನು ತೊರೆಯಬೇಕಾಯಿತು. ಕೊಳೆತ ನೀರು ತೋಡು ಹಿಡಿದು ಫಲ್ಗುಣಿ ನದಿಯನ್ನು ಸೇರಿತು. ಅಡಿಕೆ ಸಸಿಯು ಫಲಕ್ಕೆ ಬರಲು ಐದಾರು ವರ್ಷ ಬೇಕೆಂಬುದನ್ನು ಜಿಲ್ಲೆಯ ಕೃಷಿಕರಿಗೆ ಹೇಳಬೇಕಾಗಿಲ್ಲ. ಮಂದಾರದ ಜನ ಆ ರಾಶಿಗೆ ಸೇರಿಸಿದ್ದು ಅತ್ಯಲ್ಪ, ಮುಳುಗಿದವರು ಅವರು.

ಭೋಗೋಪಭೋಗ ಪರಿಮಾಣ ವ್ರತದಲ್ಲಿ ಮೊದಲು ಬರುವುದೇ ಸಂಖ್ಯೆ. ಇಷ್ಟು ಪದಾರ್ಥ, ಇಷ್ಟು ವಸ್ತ್ರ, ಇಂತಿಷ್ಟು ಕಾಲ ಎಂದು ಗೊತ್ತುಮಾಡದೆ ವ್ರತವೇ ಇಲ್ಲ. ವ್ರತವು ಸ್ವಇಚ್ಛೆಯದು, ರಾಜ್ಯನೀತಿಗೆ ಅದು ಮಾದರಿಯಾಗದು ಎಂಬ ಆಕ್ಷೇಪವುಂಟು; ಅದರಲ್ಲಿ ಹುರುಳೂ ಇದೆ. ಏನೂ ಇಲ್ಲದವನಿಗೆ ಮಿತಿಯನ್ನು ಬೋಧಿಸುವುದು ಕ್ರೌರ್ಯವೇ ಸರಿ. ಆದರೆ ಪರಿಗ್ರಹಕ್ಕೆ ಹಾಕುವ ಮಿತಿಯು ಸ್ವಭಾವತಃ ಉಳ್ಳವನನ್ನೇ ಮೊದಲು ಮುಟ್ಟುತ್ತದೆ. ಸಂಕಲ್ಪಪತ್ರದಲ್ಲಿ ಸಾಲದೇ ಹೋದದ್ದು ಈ ಮಾತು. ಹಾಗೆಂದು, ತನ್ನ ಮನೆಯೊಳಗಿನ ವಸ್ತುಗಳನ್ನಷ್ಟೇ ಎಣಿಸಿ, ಹೊರಗೆಸೆದದ್ದು ಯಾರ ಅಂಗಳಕ್ಕೆ ಬಿತ್ತೆಂದು ಕೇಳದ ವ್ರತಿಯೂ ಆ ಪತ್ರದಿಂದ ಕಲಿಯಬೇಕಾದದ್ದಿದೆ.

ಬಸದಿಗಳ ಉತ್ಸವ, ಸಮಾರಾಧನೆಗಳ ಲೆಕ್ಕಪುಸ್ತಕದಲ್ಲಿ ಅಕ್ಕಿ, ಬೆಲ್ಲ, ತುಪ್ಪಗಳ ತೂಕವನ್ನು ತಪ್ಪದೆ ಬರೆದಿಡುವುದುಂಟು. ಮರುದಿನ ನಗರಪಾಲಿಕೆಯ ಲಾರಿಗೆ ಏರಿದ ಪ್ಲಾಸ್ಟಿಕ್ ಲೋಟಗಳ, ಉಳಿದ ಅನ್ನದ ತೂಕಕ್ಕೂ ಆ ಪುಸ್ತಕದಲ್ಲಿ ಒಂದು ಕಲಂ ತೆರೆಯಲು ಯಾವ ಆಡಳಿತ ಮಂಡಳಿಗೂ ವಿಶ್ವಸಂಸ್ಥೆಯ ಅಪ್ಪಣೆ ಬೇಕಾಗಿಲ್ಲ.