ಸೂಜಿಮೊನೆಯಷ್ಟು ಸತ್ಯ

ಕೆಲವು ಬರಹಗಳಿಗೆ ವಿಚಿತ್ರವಾದ ದುರ್ಗತಿ ಒದಗುತ್ತದೆ. ಅವನ್ನು ಓದಿದವರಿಗಿಂತ ಓದದೆ ಉದಾಹರಿಸುವವರೇ ಹೆಚ್ಚಾಗುತ್ತಾರೆ. ಬಾಯಿಂದ ಬಾಯಿಗೆ ಹೋಗುತ್ತ ಬರಹ ತಾನು ಆಡದ ಮಾತಿಗಾಗಿಯೇ ಪ್ರಸಿದ್ಧವಾಗುತ್ತದೆ. ಅಮೆರಿಕದ ಪತ್ರಿಕೋದ್ಯೋಗಿ ಜೇಮ್ಸ್ ರೆಸ್ಟನ್ನರು 1971ರ ಜುಲೈ 26ರ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ತಮ್ಮ ಪೀಕಿಂಗ್ ಶಸ್ತ್ರಚಿಕಿತ್ಸೆಯ ವಿಷಯವಾಗಿ ಬರೆದ ಲೇಖನ ಇಂಥದು.

ನಾನು ಅದನ್ನು ಹುಡುಕಿ ಓದಿದ್ದು ಸಾಹಿತ್ಯಾಸಕ್ತಿಯಿಂದಲ್ಲ. ನನ್ನ ಅಕ್ಕನಿಗೆ ಸ್ತನದ ಕ್ಯಾನ್ಸರಿಗಾಗಿ ಶಸ್ತ್ರಚಿಕಿತ್ಸೆಯಾಗಿ, ಈಗ ದಿನಕ್ಕೊಂದು ಮಾತ್ರೆ ನಡೆದಿದೆ. ದೇಹದಲ್ಲಿ ಈಸ್ಟ್ರೋಜೆನ್ ಹುಟ್ಟುವುದನ್ನು ತಡೆಯುವ ಈ ಮಾತ್ರೆಯನ್ನು ಐದು ವರ್ಷವಾದರೂ ನುಂಗಬೇಕು. ರೋಗ ಮರಳದಿರಲೆಂದು ಕೊಡುವ ಮಾತ್ರೆಯೇ ಕೀಲುಗಳನ್ನು ಹಿಡಿಯುತ್ತದೆ. ಬೆಳಗಿನ ಹೊತ್ತು ಅಕ್ಕನ ಬೆರಳುಗಳು ಮಡಚುವುದಿಲ್ಲ. ಹಾಲಿನ ಪ್ಯಾಕೆಟ್ಟು ಕತ್ತರಿಸಲು ನನ್ನನ್ನು ಕೂಗುತ್ತಾಳೆ. “ಈ ಮಾತ್ರೆ ಬಿಟ್ಟುಬಿಡಲೇನೋ?” ಎಂದು ಒಂದು ದಿನ ಕೇಳಿಯೂ ಬಿಟ್ಟಳು. ಆ ವೇಳೆಗೆ ಮನೆಗೆ ಬಂದ ಹಿತೈಷಿಯೊಬ್ಬರು, “ಅಕ್ಯುಪಂಕ್ಚರ್ ಮಾಡಿಸಿ. ಚೀನಾದಲ್ಲಿ ಆ ರೆಸ್ಟನ್ ಎಂಬುವರಿಗೆ ಬರೀ ಸೂಜಿ ಚುಚ್ಚಿ ಹೊಟ್ಟೆಯನ್ನೇ ಕೊಯ್ದರಂತೆ. ನಿಮ್ಮ ಕೀಲುನೋವು ಯಾವ ಲೆಕ್ಕ!” ಎಂದರು. ಅಕ್ಕ ನನ್ನ ಮುಖ ನೋಡಿದಳು. ಲೇಖನವೊಂದನ್ನು ಸರಿಯಾಗಿ ಓದುವುದು ಹೀಗೆ ನಮ್ಮ ಮನೆಯ ಪ್ರಶ್ನೆಯಾಯಿತು.

ಓದಿದರೆ, ಹಿತೈಷಿಗಳು ಹೇಳಿದ್ದು ಅಲ್ಲಿ ಇಲ್ಲವೇ ಇಲ್ಲ. ರೆಸ್ಟನ್ನರಿಗೆ ಆದದ್ದು ಅಪೆಂಡಿಸೈಟಿಸ್. ಜುಲೈ 17ರಂದು ಅಪೆಂಡಿಕ್ಸ್ ತೆಗೆದಾಗ ವೈದ್ಯರು ಎಲ್ಲ ಕಡೆಯೂ ಕೊಡುವಂತೆ ಮರಗಟ್ಟಿಸುವ ಔಷಧವನ್ನೇ ಚುಚ್ಚಿ ಕೊಟ್ಟಿದ್ದರು. ಸೂಜಿಗಳು ಬಂದದ್ದು ಎರಡನೆಯ ರಾತ್ರಿ, ಹೊಟ್ಟೆ ಉಬ್ಬರಿಸಿ ಸಂಕಟವಾದಾಗ. ಮೊಣಕೈಯ ಬಳಿಯೂ ಮಂಡಿಯ ಕೆಳಗೂ ಮೂರು ಸೂಜಿ; ಆಮೇಲೆ ನಮ್ಮ ದವನ, ಮಾಚಿಪತ್ರೆಗಳ ಕುಲಕ್ಕೇ ಸೇರಿದ ಒಂದು ಮೂಲಿಕೆಯನ್ನು ಹೊತ್ತಿಸಿ ಹೊಟ್ಟೆಯ ಹತ್ತಿರ ಹಿಡಿದರು. ಇಪ್ಪತ್ತು ನಿಮಿಷದ ಕೆಲಸ. ಒಂದು ಗಂಟೆಯೊಳಗೆ ಉಬ್ಬರ ಇಳಿಯಿತು, ಮರಳಲಿಲ್ಲ. ರೆಸ್ಟನ್ನರು ಹೇಳುವುದು ಇಷ್ಟೇ.

ಇಷ್ಟನ್ನೇ ಹೇಳಿದ್ದು ಆ ಬರಹದ ದೊಡ್ಡ ಗುಣವೆಂದು ನನಗೆ ತೋರುತ್ತದೆ. ಅದು ಎಂಥ ಕಾಲ! ಅಮೆರಿಕದ ಕಿಸಿಂಜರ್ ಗುಟ್ಟಾಗಿ ಪೀಕಿಂಗಿಗೆ ಬಂದು ಹೋಗಿದ್ದರು. ಆ ಸುದ್ದಿ ಕಿವಿಗೆ ಬಿದ್ದ ಕ್ಷಣದಲ್ಲೇ ತಮಗೆ ಮೊದಲ ಚಳುಕು ಹೊಡೆಯಿತೆಂದು ರೆಸ್ಟನ್ನರು ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಾರೆ. ಬಾಗಿಲು ತೆರೆಯುತ್ತಿದ್ದ ಚೀನಾದಿಂದ ಪವಾಡದ ಸುದ್ದಿ ಬಂದರೆ ನಂಬಲು ಜನ ಕಾದಿದ್ದರು. ಆದರೂ ಅವರು ಪವಾಡ ಬರೆಯಲಿಲ್ಲ. ಹೊಟ್ಟೆಯ ವಾಯು ಬಿಡಿಸಲು ಇಷ್ಟು ದೊಡ್ಡ ಏರ್ಪಾಡೇ ಎಂದು ಅಂದುಕೊಂಡುದನ್ನೂ ಮುಚ್ಚಿಡಲಿಲ್ಲ.

ದೋಷವಿಲ್ಲವೆಂದಲ್ಲ. ಶಸ್ತ್ರಕ್ರಿಯೆ, ಸೂಜಿ ಎರಡೂ ಒಂದೇ ಲೇಖನದಲ್ಲಿ ಒತ್ತಾಗಿ ನಿಂತಿವೆ. ಅವಸರದ ಓದುಗನು ಒಂದನ್ನು ಇನ್ನೊಂದಕ್ಕೆ ಕಟ್ಟಿದರೆ ತಪ್ಪೆಲ್ಲ ಅವನದೇ ಅಲ್ಲ. ಎರಡನೆಯದಾಗಿ, ಹಾಸ್ಯದ ಹಿಂದೆ ನೋವು ಮರೆಯಾಗಿಬಿಟ್ಟಿದೆ. ಗುಣವಾದವನು ಬರೆದ ನೋವಿಗೆ ಈ ಹಗುರತನ ಸಹಜ; ಐದು ವರ್ಷ ಮಾತ್ರೆ ನುಂಗಬೇಕಾದವರಿಗೆ ಅದು ಒದಗುವುದಿಲ್ಲ. ಮೂರನೆಯದು, ಹೊಟ್ಟೆಯ ವಾಯು ತಾನಾಗಿಯೂ ಇಳಿಯುವುದುಂಟು. ಒಬ್ಬನ ಒಂದು ರಾತ್ರಿಯಿಂದ ಸೂಜಿಯ ಪಾಲು ಎಷ್ಟೆಂದು ತಿಳಿಯಲಾಗದು.

ಆ ಪಾಲನ್ನು ಅಳೆದ ಇನ್ನೊಂದು ಬರಹವಿದೆ. ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ‘ಜಾಮಾ’ದಲ್ಲಿ 2018ರ ಜುಲೈಯಲ್ಲಿ ಬಂದದ್ದು. ಅಕ್ಕ ನುಂಗುವ ಜಾತಿಯ ಮಾತ್ರೆಯಿಂದಲೇ ಕೀಲುನೋವು ಬಂದ 226 ಹೆಂಗಸರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ನಿಜವಾದ ಅಕ್ಯುಪಂಕ್ಚರ್. ಇನ್ನೊಂದಕ್ಕೆ ಗೊತ್ತಾದ ಬಿಂದುಗಳನ್ನು ಬಿಟ್ಟು ಬೇರೆ ಕಡೆ ಮೇಲುಮೇಲೆ ಚುಚ್ಚುವ ಹುಸಿಚಿಕಿತ್ಸೆ. ಮೂರನೆಯದಕ್ಕೆ ಬರೀ ಸರದಿ ಕಾಯುವಿಕೆ. ನೋವನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕದಲ್ಲಿ ಕೇಳಿದರು. ಆರು ವಾರದ ಮೇಲೆ ಅದು ಮೊದಲ ಗುಂಪಿನಲ್ಲಿ ಸರಾಸರಿ 2.05, ಎರಡನೆಯದರಲ್ಲಿ 1.07, ಮೂರನೆಯದರಲ್ಲಿ 0.99 ಅಂಕ ಇಳಿದಿತ್ತು. ಏನೂ ಮಾಡದೆ ಕಾದವರಿಗೂ ಒಂದು ಅಂಕ ಇಳಿಯಿತೆಂಬುದನ್ನು ಗಮನಿಸಬೇಕು. ಸೂಜಿಯ ಪಾಲು ಅದರ ಮೇಲೆ ಇನ್ನೊಂದು ಅಂಕ. ಇಷ್ಟರಿಂದ ರೋಗಿಯ ಬಾಳಿನಲ್ಲಿ ಎಷ್ಟು ಹಗುರವಾದೀತೆಂಬುದು ಖಚಿತವಿಲ್ಲವೆಂದು ಬರೆದವರೇ ಒಪ್ಪುತ್ತಾರೆ. ತಮ್ಮ ಗೆಲುವನ್ನು ತಾವೇ ಹೀಗೆ ತಗ್ಗಿಸಿ ಹೇಳುವ ವಿನಯ ವಿಮರ್ಶಕರಾದ ನಮಗೂ ಮೇಲ್ಪಂಕ್ತಿ. 2022ರಲ್ಲಿ ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ ಈ ಬಗೆಯ ಕೀಲುನೋವಿಗೆ ಅಕ್ಯುಪಂಕ್ಚರನ್ನು ಶಿಫಾರಸು ಮಾಡಿತು. ಆದರೆ ನೋವಿಗೆ, ಕ್ಯಾನ್ಸರಿಗಲ್ಲ.

ಆದರೆ ಆ ಬರಹದಲ್ಲಿ 226 ಹೆಂಗಸರಿದ್ದೂ ಒಬ್ಬಳ ಬೆರಳೂ ಕಾಣುವುದಿಲ್ಲ. ರೆಸ್ಟನ್ನರಲ್ಲಿ ಮನುಷ್ಯನಿದ್ದಾನೆ, ಅಳತೆಯಿಲ್ಲ. ಇಲ್ಲಿ ಅಳತೆಯಿದೆ, ಮನುಷ್ಯನಿಲ್ಲ. ಎರಡನ್ನೂ ಒಟ್ಟಿಗೆ ಓದಬಲ್ಲವನಿಗೆ ಮಾತ್ರ ಎರಡರಿಂದಲೂ ಪ್ರಯೋಜನ. ಸೂಜಿಯಿಂದ ನೋವೇ ಮಾಯವೆನ್ನುವವರೂ, ಅದೆಲ್ಲ ಬರೀ ಮೋಸವೆನ್ನುವವರೂ ಒಂದನ್ನೂ ಪೂರ್ತಿ ಓದಿದವರಲ್ಲ.

ಓದಿದ್ದನ್ನು ಅಕ್ಕನಿಗೆ ಹಾಗೆಯೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

“ಒಂದು ಅಂಕ ಅಂದರೆ ಎಷ್ಟೋ? ಹಾಲಿನ ಪ್ಯಾಕೆಟ್ಟು ಕತ್ತರಿಸುವಷ್ಟೆ?”

“ಅದು ಅಲ್ಲಿ ಬರೆದಿಲ್ಲ ಅಕ್ಕ.”

“ಹಾಗಾದರೆ ನಾನೇ ನೋಡಿ ಹೇಳುತ್ತೇನೆ.”

ಅವಳ ಕ್ಯಾನ್ಸರ್ ವೈದ್ಯರು ರಕ್ತಪರೀಕ್ಷೆಯ ವರದಿ ನೋಡಿ ಒಪ್ಪಿಗೆ ಕೊಟ್ಟಿದ್ದಾರೆ. ತರಬೇತಾದವರ ಕೈಯಲ್ಲೇ, ಹೊಸ ಸೂಜಿಯಲ್ಲೇ ಆಗಬೇಕೆಂದಿದ್ದಾರೆ. ಮಾತ್ರೆಯನ್ನು ಅಕ್ಕ ಬಿಟ್ಟಿಲ್ಲ. ಈವರೆಗೆ ಆರು ಸಲ ಸೂಜಿ ಹಾಕಿಸಿಕೊಂಡಿದ್ದಾಳೆ. ಹಾಲಿನ ಪ್ಯಾಕೆಟ್ಟಿಗೆ ಈಗಲೂ ನನ್ನನ್ನು ಕೂಗುತ್ತಾಳೆ. ಆದರೆ ಮೊನ್ನೆ ಬೆಳಿಗ್ಗೆ, ಕಾಫಿಯ ಲೋಟವನ್ನು ಒಂದೇ ಕೈಯಲ್ಲಿ ಹಿಡಿದಿದ್ದಳು.